ಅತ್ತೆ ನನ್ನನ್ನು ಡಾಕ್ಟರ ಹತ್ತಿರ ಕರೆದೊಯ್ದ ದಿನ

ನನ್ನ ತಮ್ಮನಿಗೆ ರಕ್ತದ ಕ್ಯಾನ್ಸರ್ ಎಂದು ಗೊತ್ತಾದಾಗ ಅವನಿಗೆ ನಾಲ್ಕು ವರ್ಷ, ನನಗೆ ಒಂಬತ್ತು. ಅಪ್ಪ, ಅವ್ವ ಇಬ್ಬರೂ ಅವನನ್ನು ಕರೆದುಕೊಂಡು ಹೈದರಾಬಾದಿನ ಆಸ್ಪತ್ರೆಗೆ ಹೋದರು. ನಾಗಲಗಿದ್ದದ ಹತ್ತಿರದ ನಮ್ಮ ಊರಿನಲ್ಲಿ ನನ್ನನ್ನು ನೋಡಿಕೊಳ್ಳುವವರು ಯಾರೂ ಉಳಿಯಲಿಲ್ಲ. ಅಪ್ಪನ ಅಕ್ಕ ಜಹೀರಾಬಾದಿನಿಂದ ಬಂದು, ನನ್ನ ಬಟ್ಟೆ, ಪುಸ್ತಕ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬಿ, ತನ್ನ ಮನೆಗೆ ಕರೆದೊಯ್ದಳು. ಅತ್ತೆಗೆ ಗಂಡನಿಲ್ಲ, ಮಕ್ಕಳಿಲ್ಲ. ಟ್ರ್ಯಾಕ್ಟರ್ ಕಾರ್ಖಾನೆಯ ಕ್ಯಾಂಟೀನಿನಲ್ಲಿ ರೊಟ್ಟಿ ಬಡಿಯುವ ಕೆಲಸ ಅವಳದು.

ತಮ್ಮನಿಗೆ ಏನಾಗಿದೆ ಎಂದು ಕೇಳಿದರೆ ನೆಂಟರೆಲ್ಲ, "ಜ್ವರ ಬಂದಾವ, ಕಡಿಮಿ ಆಗ್ತಾವ" ಎನ್ನುತ್ತಿದ್ದರು. ಅತ್ತೆ ಮಾತ್ರ ಕಾಯಿಲೆಯ ಹೆಸರನ್ನೇ ಹೇಳಿದಳು.

"ರಕ್ತದಾಗ ಕ್ಯಾನ್ಸರ್ ಅದವ್ವಾ. ಭಾಳ ದಿನ ಔಷಧ ಕೊಡಬೇಕಂತ. ಆರಾಮ ಆಗಿ ಮನಿಗಿ ಹೋದ ಮಕ್ಕಳು ಭಾಳ ಮಂದಿ ಅದಾರಂತ ಡಾಕ್ಟರ್ ಹೇಳ್ಯಾರ."

ಅದನ್ನು ಕೇಳಿದ ಮೇಲೆ ನನಗೆ ಊಟ ಸೇರಲಿಲ್ಲ. ಶಾಲೆಯಿಂದ ಬಂದವಳೇ ಗೋಡೆಗೆ ಮುಖ ಮಾಡಿ ಮಲಗುತ್ತಿದ್ದೆ. ಅವ್ವನ ನೆನಪಾಗಿರಬೇಕೆಂದು ಅತ್ತೆ ಫೋನ್ ಹಚ್ಚಿ ಕೊಟ್ಟರೆ ಮಾತಾಡುತ್ತಿರಲಿಲ್ಲ. ಒಂದು ಸಂಜೆ ಅವಳು ನನ್ನ ಪಕ್ಕದಲ್ಲಿ ಬಂದು ಕೂತಳು.

"ಏನೋ ಒಂದು ಹೊಟ್ಟ್ಯಾಗ ಇಟ್ಕೊಂಡೀದಿ. ಹೇಳಬ್ಯಾಡ ಅನಿಸಿದ್ರ ಹೇಳಬ್ಯಾಡ. ನಾ ಇಲ್ಲೇ ಕುಂತಿರ್ತೀನಿ."

ನಿಜವಾಗಿಯೂ ಕೂತೇ ಇದ್ದಳು. ಒಲೆ ಹೊತ್ತಿಸಲಿಲ್ಲ, ಬಾಗಿಲಿಗೆ ಬಂದ ನೆರೆಯವಳನ್ನು ಕೈಸನ್ನೆಯಲ್ಲೇ ಕಳಿಸಿದಳು. ಕೊನೆಗೆ ನಾನೇ ಬಾಯಿಬಿಟ್ಟೆ. ಕಬ್ಬಿನ ತುಂಡಿಗಾಗಿ ಜಗಳವಾಡಿ ತಮ್ಮನನ್ನು ಹೊರಸು ಮಂಚದ ಮೇಲಿಂದ ಕೆಳಗೆ ದೂಡಿದ್ದೆ. ಮರುದಿನ ಅವನ ತೊಡೆ, ಬೆನ್ನಿನ ಮೇಲೆಲ್ಲ ನೀಲಿ ಕಲೆಗಳು. ಆ ಕಲೆ ನೋಡಿಯೇ ಅವನನ್ನು ದವಾಖಾನೆಗೆ ಒಯ್ದಿದ್ದರು.

"ನಾನೇ ಅವನಿಗಿ ಜಡ್ಡು ತಂದೀನತ್ತಿ."

ಹುಚ್ಚಿ ಎಂದು ಅವಳು ನಗಲಿಲ್ಲ. ಸ್ವಲ್ಪ ಯೋಚಿಸಿ, "ಹಂಗಲ್ಲ ಅಂತ ನನಗ ಅನಸ್ತದ. ಆದ್ರ ಬರೀ ಸಮಾಧಾನಕ್ಕ ಹೇಳ್ತಾಳಂತ ತಿಳಕೊಂತಿ. ನಾಳಿ ಡಾಕ್ಟರ್‌ನ್ನೇ ಕೇಳೋಣು ನಡಿ" ಎಂದಳು.

ಮರುದಿನ ಕೆಲಸಕ್ಕೆ ರಜೆ ಹಾಕಿ ನನ್ನನ್ನು ಹೈದರಾಬಾದಿನ ಬಸ್ಸು ಹತ್ತಿಸಿದಳು. ಆಸ್ಪತ್ರೆಯ ಪಡಸಾಲೆಯಲ್ಲಿ ಮಧ್ಯಾಹ್ನದವರೆಗೆ ಕಾದೆವು. ತಮ್ಮನನ್ನು ನೋಡುತ್ತಿದ್ದ ಡಾಕ್ಟರಮ್ಮ ಅವಸರದಲ್ಲಿ ಹೊರಬಂದಾಗ ಅತ್ತೆ ಅಡ್ಡ ನಿಂತು, ಈ ಹುಡುಗಿಯದೊಂದು ಮಾತು ಕೇಳಿ ಎಂದು ತೆಲುಗಿನಲ್ಲಿ ಬೇಡಿಕೊಂಡಳು. ಆಕೆ ನನ್ನ ಮುಖ ನೋಡಿದರು. ಏನನ್ನಿಸಿತೋ, ಬೆಂಚಿನ ಮೇಲೆ ನನ್ನ ಪಕ್ಕದಲ್ಲೇ ಕೂತರು.

ನಾನು ಎಲ್ಲವನ್ನೂ ಹೇಳಿದೆ. ಕಾಯಿಲೆ ಮೊದಲೇ ಬಂದಿತ್ತು, ರಕ್ತ ಸೋರದಂತೆ ತಡೆಯುವ ಕಣಗಳು ಅದರಿಂದ ಕಡಿಮೆಯಾಗಿದ್ದವು, ಅದಕ್ಕೇ ಕಲೆಗಳು ಬಂದವು, ನೀನು ಮುಟ್ಟದಿದ್ದರೂ ಬರುತ್ತಿದ್ದವು ಎಂದು ಡಾಕ್ಟರಮ್ಮ ಹೇಳಿದರು. ತೆಲುಗು ನನಗೂ ಬರುತ್ತಿತ್ತು. ಆದರೂ ಅತ್ತೆ ಪ್ರತಿಯೊಂದು ಮಾತನ್ನೂ ನಮ್ಮ ಭಾಷೆಯಲ್ಲಿ ತಿರುಗಿ ಹೇಳಿದಳು.

"ಹಂಗಾದ್ರ ಕಬ್ಬು ತಿಂದಿದ್ದಕ್ಕ ಬಂತೇನು?" ಎಂದು ಕೇಳಿದೆ.

"ಅದಕ್ಕೂ ಅಲ್ಲಂತ."

ಹಿಂದೆ ಯಾರೋ ಬಿಕ್ಕಿದ್ದು ಕೇಳಿಸಿತು. ತಿರುಗಿದರೆ ಅವ್ವ. ಔಷಧಿ ತರಲು ಬಂದವಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ನೆಲದ ಮೇಲೇ ಕುಸಿದು ಕೂತು ನನ್ನನ್ನು ಎಳೆದು ಅಪ್ಪಿಕೊಂಡಳು. ವಾರ್ಡಿನೊಳಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಬಾಗಿಲಿನ ಗಾಜಿನಿಂದಲೇ ತಮ್ಮನನ್ನು ತೋರಿಸಿದರು. ನನ್ನ ಎರಡು ಜಡೆ ನೋಡಿ, ತನ್ನ ಬೋಳು ತಲೆಯನ್ನು ಸವರಿಕೊಂಡು ಅವನು ನಕ್ಕ.

ಅಂದಿನಿಂದ, ಒಂದು ಭಾನುವಾರ ಬಿಟ್ಟು ಇನ್ನೊಂದು ಭಾನುವಾರ ಅತ್ತೆ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದಳು. ವಾರವೆಲ್ಲ ಬೆಂಕಿಯ ಮುಂದೆ ನಿಂತು ದಣಿದವಳು, ಬಸ್ಸಿನಲ್ಲಿ ಕೂತ ಕೂಡಲೇ ನಿದ್ದೆ ಹೋಗುತ್ತಿದ್ದಳು. ಆದರೂ ಒಂದು ಸಲವೂ ತಪ್ಪಿಸಲಿಲ್ಲ. ತಮ್ಮನ ಚಿಕಿತ್ಸೆ ಸುಮಾರು ಮೂರು ವರ್ಷ ನಡೆಯಿತು. ಈಗ ಅವನು ತಾಂಡೂರಿನಲ್ಲಿ ಓದುತ್ತಿದ್ದಾನೆ, ಆರೋಗ್ಯವಾಗಿದ್ದಾನೆ. ನಾನು ನಾರಾಯಣಖೇಡದ ಶಾಲೆಯೊಂದರಲ್ಲಿ ಪಾಠ ಹೇಳುತ್ತೇನೆ.

ಆ ದೊಡ್ಡ ಆಸ್ಪತ್ರೆಯಲ್ಲಿ ಡಾಕ್ಟರನ್ನು ಅಡ್ಡಗಟ್ಟಲು ಅಂಜಿಕೆಯಾಗಲಿಲ್ಲವೇ ಎಂದು ಮೊನ್ನೆ ಅತ್ತೆಯನ್ನು ಕೇಳಿದೆ.

"ಆಗಿತ್ತಲ್ಲ" ಎಂದಳು. "ಆದ್ರ ನೀ ಊಟ ಬಿಟ್ಟು ಎಂಟು ದಿನ ಆಗಿತ್ತು. ಅದರ ಅಂಜಿಕಿ ಡಾಕ್ಟರಮ್ಮನ ಅಂಜಿಕಿಕಿಂತ ಭಾಳ ಇತ್ತವ್ವಾ."