ಹೊಸ್ತಿಲಾಚೆ ನಿಂತು ಹಾಡಿದ ಅತಿಥಿ

ಜುಮೇರಾ ಲೇಕ್ ಟವರ್ಸ್‌ನ ನಮ್ಮ ಫ್ಲ್ಯಾಟಿನ ಬಾಗಿಲು ತೆರೆದೆ. ಅತಿಥಿ ಒಳಗೆ ಬರಲಿಲ್ಲ. ಹೊಸ್ತಿಲಾಚೆಯೇ ನಿಂತು, ಕಣ್ಣು ಮುಚ್ಚಿ, ಏರುದನಿಯಲ್ಲಿ ಹಾಡತೊಡಗಿದರು. ನಾನು ಬೆಚ್ಚಿಬಿದ್ದೆ. ಎದುರು ಫ್ಲ್ಯಾಟಿನವರೂ ಬಾಗಿಲು ತೆರೆದು ನೋಡಿದರು.

ಅವರು ಹವಾಯಿ ಭಾಷೆಯ ವಿದ್ವಾಂಸೆ. ಆ ಭಾಷೆಯಲ್ಲಿ ಹಾಡು ಕಟ್ಟುವವರು. ಉಪನ್ಯಾಸಕ್ಕೆಂದು ದುಬೈಗೆ ಬಂದವರನ್ನು ನಾನೇ ಊಟಕ್ಕೆ ಕರೆದಿದ್ದೆ.

ವಿಸಿಟ್ ವೀಸಾದಲ್ಲಿ ಕುಂದಾಪುರದಿಂದ ಬಂದಿದ್ದ ಅಜ್ಜಿ ಅಡುಗೆಮನೆಯಿಂದ ಓಡಿ ಬಂದರು. “ಎಂತ ಹೆಣೆ, ಬಾಯ್ ಬಿಟ್ಕಂಡ್ ನಿಂತಿದ್ದೆ? ಹಾಡ್ ಹೇಳ್ರೆ ಹಾಡೇ ಹೇಳಿ ಒಳ್ಗ್ ಕರೂದ್!” ಎಂದು ನನ್ನನ್ನು ಬೈದು, ಮದುವೆಮನೆಯಲ್ಲಿ ದಿಬ್ಬಣದವರನ್ನು ಎದುರುಗೊಳ್ಳುವ ಶೋಭಾನೆಯೊಂದನ್ನು ಎತ್ತಿಕೊಂಡರು.

ಅತಿಥಿ ನಿಂತಲ್ಲೇ ಅತ್ತುಬಿಟ್ಟರು. ಹಾಡಿ ಅಪ್ಪಣೆ ಕೇಳುವುದು, ಒಳಗಿನವರು ಹಾಡಿಯೇ ಕರೆಯುವುದು ಅವರಲ್ಲೂ ಪದ್ಧತಿಯಂತೆ. ಅವರ ಅಜ್ಜಿಗೆ ಆ ಭಾಷೆಯಾಡಿದ್ದಕ್ಕೆ ಶಾಲೆಯಲ್ಲಿ ಏಟು ಬಿದ್ದಿತ್ತು. ಆಮೇಲೆ ಮನೆಯಲ್ಲಿ ಯಾರೂ ಅದನ್ನು ಆಡಲಿಲ್ಲ. ಇವರು ದೊಡ್ಡವರಾದ ಮೇಲೆ ಹಳೆಯ ಧ್ವನಿಮುದ್ರಣಗಳನ್ನು ಕೇಳಿ ಕಲಿತು, ಜೀವಮಾನವಿಡೀ ಕಲಿಸಿದರು.

“ಈ ಹಾಡು ಕಟ್ಟಿ ಮೊದಲು ಹಾಡಿದ್ದು ನನ್ನ ಅಮ್ಮನ ಬಾಗಿಲಲ್ಲಿ,” ಎಂದರು. “ಅವಳಿಗೆ ಉತ್ತರಿಸಲು ಬರಲಿಲ್ಲ.”

ಮರುದಿನದಿಂದಲೇ ನಾನು ಅಜ್ಜಿಯ ಬಳಿ ಹಾಡು ಕಲಿಯಲು ಕೂತೆ. ಅಜ್ಜಿಯ ವೀಸಾ ಮುಂದಿನ ವಾರ ಮುಗಿಯುತ್ತದೆ. ನನಗೆ ಶೋಭಾನೆಯ ಮೊದಲ ಸಾಲಷ್ಟೇ ಬಂದಿದೆ.