ಹಗೇವಿಗೆ ಇಳಿದ ಹಡಗಿನ ಜೋಳ

ನಮ್ಮ ಸಿಂಗಟಗೆರೆ ಕಡೆ ರಾಗಿಯನ್ನು ನೆಲದೊಳಗೆ ಇಡುತ್ತಿದ್ದೆವು. ಹಗೇವು ಅಂದರೆ ಗಟ್ಟಿ ನೆಲದಲ್ಲಿ ಎರಡಾಳುದ್ದ ತೋಡಿದ ಗುಂಡಿ, ಬಾಯಿ ಮಾತ್ರ ಒಬ್ಬ ಮನುಷ್ಯ ಇಳಿಯುವಷ್ಟು. ಒಳಗೆ ಸುತ್ತ ಹುಲ್ಲು ಕೊಟ್ಟು, ರಾಗಿ ಸುರಿದು, ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ಹತ್ತು ವರ್ಷ ಬಿಟ್ಟು ತೆಗೆದರೂ ರಾಗಿ ರಾಗಿಯೇ. ಆ ಗುಂಡಿ ತೋಡುವುದು, ತುಂಬುವುದು, ತೆಗೆಯುವುದು ನನ್ನ ಕೆಲಸ. ಮೂರನೇ ಕ್ಲಾಸಿಗೆ ಇಸ್ಕೂಲು ಬಿಟ್ಟವನು ನಾನು. ಆದರೂ ಅಜ್ಜಂಪುರದವರು ನನ್ನನ್ನು ಕರೆಸಲು ಗಾಡಿ ಕಳಿಸುತ್ತಿದ್ದರು. ಬಾಯಿ ತೆಗೆದ ಕೂಡಲೇ ಇಳಿದರೆ ಒಳಗಿನ ಕೆಟ್ಟ ಗಾಳಿಗೆ ಮನುಷ್ಯ ಉಳಿಯುವುದಿಲ್ಲ. ಹಗ್ಗಕ್ಕೆ ದೀಪ ಕಟ್ಟಿ ಬಿಡಬೇಕು, ಅದು ಆರದೆ ಉರಿದರೆ ಮಾತ್ರ ಕಾಲಿಡಬೇಕು. ನಾನು ಒಂದು ದಿನವೂ ಅವಸರ ಮಾಡಿದವನಲ್ಲ. ನನ್ನ ಕೈಯಲ್ಲಿ ಒಂದು ಹಿಡಿ ಕಾಳೂ ಕೆಟ್ಟಿರಲಿಲ್ಲ.

ಅರವತ್ತರ ದಶಕದ ನಡುವೆ ಎರಡು ವರ್ಷ ಒಂದರ ಹಿಂದೊಂದು ಮಳೆ ಕೈಕೊಟ್ಟಿತು. ಮೊದಲ ವರ್ಷ ನನಗೆ ಉಣ್ಣಲೂ ಬಿಡುವಿರಲಿಲ್ಲ. ಒಂದೊಂದೇ ಮನೆಯ ಹಗೇವು ತೆಗೆದು, ತಳ ಗುಡಿಸಿ ಕೊಟ್ಟೆ. ಎರಡನೇ ವರ್ಷ ತೆಗೆಯುವುದಕ್ಕೆ ಏನೂ ಉಳಿದಿರಲಿಲ್ಲ. ಆಗ ಸರ್ಕಾರದವರು ಕೆರೆಯ ಹೂಳೆತ್ತುವ ಕೆಲಸ ಹಚ್ಚಿದರು. ವಾರಕ್ಕೊಮ್ಮೆ ಕೂಲಿಗೆ ಕೆಂಪು ಜೋಳ. ಅಮೆರಿಕದಿಂದ ಹಡಗಿನಲ್ಲಿ ಬಂದು, ರೈಲಿನಲ್ಲಿ ಕಡೂರಿಗೆ ಬಂದು, ಅಲ್ಲಿಂದ ಗಾಡಿಯಲ್ಲಿ ನಮ್ಮ ಸೊಸೈಟಿಗೆ ಬರುತ್ತಿತ್ತು. ಅದರ ಮುದ್ದೆ ಕೈಗೆ ಸಿಕ್ಕ ಕೂಡಲೇ ಬಿರಿಯುತ್ತಿತ್ತು. ಬೈಯುತ್ತಲೇ ತಿಂದೆವು.

ಸೊಸೈಟಿ ಗುಮಾಸ್ತರು ಪೇಪರ್ ಓದುವವರು. ಒಂದು ದಿನ ಜೋಳ ಅಳೆಯುತ್ತಾ, "ಇದೂ ಎಷ್ಟು ದಿನವೋ ಕಣ್ರಯ್ಯಾ" ಅಂದರು. "ಅಲ್ಲೂ ಒಂದು ಸೀಮೇಲಿ ಮಳೆ ಇಲ್ವಂತೆ. ರಷ್ಯಾದವರೂ ಬೆಳೆ ಹೋಗಿ ಹಡಗುಗಟ್ಟಲೆ ಕೊಳ್ತಾವ್ರಂತೆ. ಇರೋ ಕಾಳು ಅಷ್ಟೇ, ಕೈಯೊಡ್ಡೋರು ಜಾಸ್ತಿ ಆದ್ರು."

"ಅಂದ್ರೆ ಅವರ ಹಗೇವಿಗೂ ತಳ ಅಂತ ಒಂದು ಐತೆ ಅನ್ನಿ" ಅಂದೆ.

"ಐತೆ ಕಣಪ್ಪಾ, ಯಾರ ಹಗೇವಿಗೆ ಇಲ್ಲ?"

ಆ ಮಾತು ನನ್ನನ್ನು ಹಿಡಿದುಕೊಂಡಿತು. ಹಡಗು ನಿಂತರೆ ಮಳೆಗಾಲದಲ್ಲಿ ನಾವು ತಿನ್ನುವುದೇನು? ನಮ್ಮ ಬೀದಿಯ ನಾಲ್ಕು ಮನೆಯವರನ್ನು ಕೂರಿಸಿ ಹೇಳಿದೆ: ಅರೆಹೊಟ್ಟೆ ಉಂಡು, ಕೂಲಿ ಜೋಳದಲ್ಲಿ ವಾರಕ್ಕೆ ಎರಡೆರಡು ಸೇರು ಉಳಿಸಿ, ನಾನು ಹಗೇವಿನಲ್ಲಿ ಇಟ್ಟುಕೊಡುತ್ತೇನೆ. ಪಕ್ಕದ ಮನೆಯ ದೊಡ್ಡವ್ವ ಒಬ್ಬಳೇ ಒಪ್ಪಲಿಲ್ಲ. ಗಂಡ ಸತ್ತ ಮೇಲೆ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳ ಮನೆಯನ್ನು ಅವಳೇ ನಡೆಸುತ್ತಿದ್ದಳು.

"ಲೇ, ಸಮುದ್ರದ ಮೇಲೆ ಎಷ್ಟು ದಿನ ತೇವ ಕುಡೀತೋ ಏನೋ ಇದು. ನಾನು ಮಡಕೇಲಿ ಇಟ್ಕತ್ತೀನಿ ಬಿಡು."

"ಮಡಕೇಲಿಟ್ರೆ ನಿನ್ ಮೊಮ್ಮಕ್ಳು ವಾರದಲ್ಲಿ ತಳ ಕಾಣಿಸ್ತವೆ. ನನ್ ಕೈಲಿ ಕೆಟ್ಟಿದ್ದು ಒಂದು ತೋರ್ಸು ದೊಡ್ಡವ್ವ!"

"ನಿನ್ ಕೈ ಕೆಟ್ಟದ್ದು ಅಂದ್ನೇನೋ ಮೂದೇವಿ? ಕಾಳು ಅಂದೆ."

ಎಲ್ಲರೂ ನಕ್ಕರು. ಕೊನೆಗೆ ನನ್ನ ಮುಖ ನೋಡಿ ಅವಳೂ ವಾರ ವಾರ ತನ್ನ ಪಾಲು ತಂದು ಸುರಿದಳು.

ರಾಗಿಗೆ ಮೂರು ಬಿಸಿಲು ಕೊಟ್ಟು ಹಗೇವಿಗೆ ತುಂಬುವುದು ನಾನು ಕಲಿತ ಲೆಕ್ಕ. ಜೋಳಕ್ಕೂ ಮೂರೇ ಬಿಸಿಲು ಕೊಟ್ಟೆ. ಕಾಳು ರಾಗಿಗಿಂತ ಎಷ್ಟು ಪಾಲು ದಪ್ಪ ಅನ್ನುವುದು ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹೋಗಲಿಲ್ಲ. ಹಲ್ಲಿನಲ್ಲಿ ಕಚ್ಚಿ ನೋಡಿದಾಗ ಕಟಕ್ಕೆನ್ನದೆ ಮೆತ್ತಗೆ ಒಡೆದದ್ದೂ ಈಗ ನೆನಪಾಗುತ್ತದೆ. ಇರಲಿ ಅಂದುಕೊಂಡು ಚಪ್ಪಡಿ ಎಳೆದೆ.

ಮುಂಗಾರಿನ ಮೊದಲ ಹನಿ ಬಿದ್ದ ಕೂಡಲೇ ಹೂಳಿನ ಕೆಲಸ ನಿಂತಿತು. ಗುಮಾಸ್ತರು ಹೇಳಿದ ಹಾಗೆ ಹಡಗೂ ತಡವಾಯಿತು, ಸೊಸೈಟಿ ಬಾಗಿಲು ಹಾಕಿತು. ನಾಲ್ಕು ಮನೆಯವರೂ ಕುಕ್ಕೆ ಹಿಡಿದು ಹಗೇವಿನ ಸುತ್ತ ಕೂತರು. ಚಪ್ಪಡಿ ಸರಿಸಿ ದೀಪ ಬಿಟ್ಟೆ. ಬಾಯಿ ದಾಟುವ ಮೊದಲೇ ಆರಿತು. ರಾಗಿ ಹಗೇವಾದರೆ ಬೆಳಿಗ್ಗೆ ತೆಗೆದರೆ ಮಧ್ಯಾಹ್ನಕ್ಕೆ ಇಳಿಯಬಹುದು. ಇದರಲ್ಲಿ ಅವತ್ತೆಲ್ಲ ದೀಪ ಆರುತ್ತಲೇ ಇತ್ತು. ಹುಳಿ ಹೆಂಡದ ವಾಸನೆ ಮೇಲೆ ಬರುತ್ತಿತ್ತು. ಮಾರನೆಯ ದಿನ ಮಧ್ಯಾಹ್ನ ಇಳಿದೆ. ಕಾಲಿಗೆ ಕಾಳು ಜಾರಲಿಲ್ಲ, ಹೆಂಟೆ ತಗುಲಿತು. ಹಾರೆ ಹಾಕಿ ಎಬ್ಬಿಸಿದರೆ ಕಪ್ಪಗೆ, ಬೂಸಲು ಹಿಡಿದು, ಒಳಗೆ ಇನ್ನೂ ಬಿಸಿ. ಮೊದಲ ಕುಕ್ಕೆ ಮೇಲೆ ಕಳಿಸಿದಾಗ ಹೆಂಗಸರು ಕೈಯಿಟ್ಟು ತಟ್ಟನೆ ಹಿಂದಕ್ಕೆ ಎಳೆದುಕೊಂಡದ್ದು ಕೆಳಗಿನಿಂದ ಕಾಣಿಸಿತು. ಹಸುವಿನ ಮುಂದೆ ಒಂದು ಹೆಂಟೆ ಒಡೆದು ಹಾಕಿದರು, ಅದು ಮೂಸಿ ಮುಖ ತಿರುಗಿಸಿತು.

ನಾನು ಮೇಲೆ ಬರಲು ತಡ ಮಾಡಿದೆ. ಅಲ್ಲೇ ಕೂತು ತಳದವರೆಗೂ ಕೆದಕಿದೆ, ಒಂದು ಸೇರಾದರೂ ಸಿಕ್ಕೀತೆಂದು. ಸಿಗಲಿಲ್ಲ. ಮೇಲೆ ಬಂದಾಗ ದೊಡ್ಡವ್ವ ಒಬ್ಬಳೇ ಇದ್ದಳು. ಬೈಯಲಿ ಅಂತ ಎದುರಿಗೆ ನಿಂತೆ. ಅವಳು ಖಾಲಿ ಕುಕ್ಕೆ ಎತ್ತಿಕೊಂಡು ಮನೆ ಕಡೆ ನಡೆದಳು.

ಆ ವಾರವೇ ದೊಡ್ಡವ್ವನ ಮನೆಯವರು ಘಟ್ಟದ ಕಾಫಿ ತೋಟಕ್ಕೆ ಕೂಲಿಗೆ ಹೊರಟರು. ಅಲ್ಲಿ ವಾರಕ್ಕಿಷ್ಟು ಅಕ್ಕಿ ಅಳೆದು ಕೊಡುತ್ತಾರೆಂದು ಸುದ್ದಿ. ಚಿಕ್ಕ ಮೊಮ್ಮಗುವಿಗೆ ನಡೆಯುವ ಶಕ್ತಿಯಿರಲಿಲ್ಲ, ಕಡೂರಿನವರೆಗೂ ನಾನೇ ಹೊತ್ತುಕೊಂಡು ಹೋಗುತ್ತೇನೆ ಅಂದೆ. ಕದಕ್ಕೆ ಚಿಲಕ ಹಾಕಿದ ದೊಡ್ಡವ್ವ ಜಗಲಿ ಮೇಲಿನ ಬೀಸುವ ಕಲ್ಲು ತೋರಿಸಿದಳು.

"ಇದನ್ನ ಹೊತ್ಕೊಂಡು ಹೋಗಕ್ಕಾಗಲ್ಲ. ನಿಮ್ಮನೇಲಿ ಇಟ್ಟಿರು. ಇದು ಕೆಡಲ್ಲ."

ಕಲ್ಲನ್ನು ನಮ್ಮ ಮನೆಯೊಳಗೆ ಉರುಳಿಸಿ ಬಂದು, ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡೆ. ಏನೂ ಭಾರವಿರಲಿಲ್ಲ ಅದು.

ಎರಡು ವರ್ಷ ಬಿಟ್ಟು ಅವಳ ಮಗ ಗಾಡಿ ಹೊಡೆದುಕೊಂಡು ಬಂದು ಕಲ್ಲು ಕೇಳಿದ. "ಅವ್ವ?" ಅಂದೆ. "ಹೋದ ಮಳೆಗಾಲದಲ್ಲೇ ತೀರ್ಕಂಡ್ಳು" ಅಂದು ಅವನು ಕಲ್ಲಿನ ಒಂದು ಬದಿ ಹಿಡಿದ. ಇನ್ನೊಂದು ಬದಿ ನಾನು ಹಿಡಿದೆ.