ಡ್ಯಾಮಿಗೆ ಹೊರಡುವ ಮುಂಚಿನ ದಿನ

ನಾನು ಕೊಡಗಳಿಗೆ ನೀರು ತುಂಬಿದೆ, ರೊಟ್ಟಿ ಬಡಿದೆ, ದಾರಿಗೆಂದು ಶೇಂಗಾ ಚಟ್ನಿ ಕುಟ್ಟಿದೆ. ಮರುದಿನ ಮಾನ್ವಿಯಿಂದ ಬಸ್ಸಿನಲ್ಲಿ ಡ್ಯಾಮಿನ ತೋಟ, ಕಾರಂಜಿ ನೋಡಲು ಹೊರಟಿದ್ದೆವು. ಒಬ್ಬರೇ ಎದ್ದು ನಡೆಯಲಾಗದ ನಮ್ಮ ಅತ್ತೆ ಬೆಳಿಗ್ಗೆಯಿಂದ ನೀರು ಮುಟ್ಟಿರಲಿಲ್ಲ. ಸಂಜೆ, "ನಾ ಒಲ್ಲೆ, ನೀವು ಹೋಗ್ರಿ" ಎಂದುಬಿಟ್ಟರು.

ಪಕ್ಕದ ಮನೆಯ ಸೂಲಗಿತ್ತಿ ಬಂದಳು. ಏನೇ ತೊಡಕಿದ್ದರೂ ಸೆರಗು ಸೊಂಟಕ್ಕೆ ಸಿಕ್ಕಿಸಿ "ಅದು ನನಗಿರಲಿ" ಎನ್ನುವಾಕೆ. ಅತ್ತೆ ಮುಟ್ಟದೆ ಬಿಟ್ಟಿದ್ದ ನೀರಿನ ತಂಬಿಗೆ ನೋಡಿ ಕೇಳಿದಳು:

"ಯವ್ವಾ, ದಾರ್ಯಾಗ ಒಂದಕ್ಕ ಬಂದ್ರ ಹೆಂಗಂತ ಚಿಂತಿ, ಹೌದಲ್ಲ?"

ಅತ್ತೆ ತಲೆ ತಗ್ಗಿಸಿದರು. ನನಗೆ ಇದು ಹೊಳೆದೇ ಇರಲಿಲ್ಲ.

"ನಾನೂ ಬರ್ತೀನಿ. ಸೊಸಿ ನಿಮ್ಮನ್ನ ಹಿಡ್ಕೊಳ್ಳಲಿ, ನಾ ಸೀರಿ ಅಡ್ಡ ಹಿಡೀತೀನಿ. ಬಸ್ ನಿಲ್ಸೋದೂ ನನಗಿರಲಿ. ಕಂಡಕ್ಟರ್ ನನ್ನ ಕೈಯಾಗ ಹುಟ್ಟಿದಾಂವ. ನಿಲ್ಸಲಿಲ್ಲಂದ್ರ ಬಂದಲ್ಲಿಗೇ ವಾಪಸ್ ಕಳಿಸ್ತೀನಿ."

ಅತ್ತೆ ನಕ್ಕು, ನೀರು ಕುಡಿಯಲು ತಂಬಿಗೆ ಕೇಳಿದರು. ನಾನು ಸೂಲಗಿತ್ತಿಯ ಕೈ ಹಿಡಿದುಕೊಂಡೆ.

ರಾತ್ರಿ ಎಲ್ಲರೂ ರೊಟ್ಟಿ, ಪುಂಡಿಪಲ್ಯ ಉಂಡೆವು. ಮೊದಲು ನಿದ್ದೆ ಹೋದವರು ಅತ್ತೆ.